5,000 ವರ್ಷಕ್ಕೆ 50 ನಿಮಿಷ

ಸಂಪಾದಕರಿಗೆ ನಮಸ್ಕಾರ.

ರಜೆ ಹತ್ತಿರ ಬಂತು ಅಂದರೆ ನಿಮ್ಮ ಪತ್ರಿಕೆಯಲ್ಲೂ ಉತ್ತರ ಭಾರತ ಪ್ರವಾಸದ ಜಾಹೀರಾತು ಸಾಲುಸಾಲಾಗಿ ಬರುತ್ತವೆ. ದೆಹಲಿ, ಆಗ್ರಾ, ಹರಿದ್ವಾರ, ಜೊತೆಗೆ ನಮ್ಮದೇ ಅಡುಗೆಯವರು. ಹೋದ ವರ್ಷ ದಸರಾ ರಜೆಯಲ್ಲಿ ಅಂಥದ್ದೇ ಒಂದು ಪ್ರವಾಸಕ್ಕೆ ಅಮ್ಮನನ್ನೂ ಏಳನೇ ಕ್ಲಾಸಿನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ದೆಹಲಿಯ ಪಟ್ಟಿಯಲ್ಲಿ ಕುತುಬ್ ಮಿನಾರ್, ಇಂಡಿಯಾ ಗೇಟ್ ಜೊತೆ ನ್ಯಾಷನಲ್ ಮ್ಯೂಸಿಯಂ ಕೂಡ ಇತ್ತು. ಅದಕ್ಕೆ ಕೊಟ್ಟ ಸಮಯ 50 ನಿಮಿಷ. ಅದರ ಬಗ್ಗೆಯೇ ಈ ಪತ್ರ.

ಜನಪಥದಲ್ಲಿ ಬಸ್ಸಿನಿಂದ ಇಳಿಸುವಾಗಲೇ ಮ್ಯಾನೇಜರ್ ಹೇಳಿಬಿಟ್ಟರು. "ಬೇಗ ಒಂದು ರೌಂಡ್ ಹಾಕ್ಕೊಂಡು ಬಂದ್ಬಿಡಿ. ಒಳಗೆ ಜಾಸ್ತಿ ಏನಿಲ್ಲ, ಕಲ್ಲು, ಮಡಕೆ ಅಷ್ಟೇ. ಆಮೇಲೆ ಲೇಟಾದ್ರೆ ಊಟ ತಪ್ಪುತ್ತೆ." 40 ಜನ ಇಳಿದು, ಟಿಕೆಟ್ ತೆಗೆದುಕೊಂಡು, ಬ್ಯಾಗ್ ಕೊಟ್ಟು ಒಳಗೆ ಹೋಗುವಷ್ಟರಲ್ಲಿ 15 ನಿಮಿಷ ಹೋಯ್ತು. ಉಳಿದ 35 ನಿಮಿಷದಲ್ಲಿ ನಾವು ಓಡಿದೆವು. ನಿಜವಾಗಲೂ ಓಡಿದೆವು. ಒಂದು ಕೋಣೆಯಿಂದ ಇನ್ನೊಂದಕ್ಕೆ, ಮುಂದಿದ್ದವರ ಬೆನ್ನು ನೋಡುತ್ತಾ. ಫೋನ್ ಎತ್ತಿ ಫೋಟೊ ತೆಗೆಯೋದು, ಮುಂದಕ್ಕೆ ಹೋಗೋದು. ಅಮ್ಮನಿಗೆ ಮೊಣಕಾಲು ನೋವು, ಅರ್ಧಕ್ಕೇ ಬೆಂಚಿನ ಮೇಲೆ ಕೂತುಬಿಟ್ಟರು. ರಾತ್ರಿ ಮಗಳನ್ನು ಕೇಳಿದೆ, ಏನೇನು ನೋಡಿದೆ ಅಂತ. "ತುಂಬಾ ಮೂರ್ತಿ ಇತ್ತು" ಅಂದಳು. ನನಗೂ ಅದಕ್ಕಿಂತ ಹೆಚ್ಚು ಹೇಳಲು ಗೊತ್ತಾಗಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ವಸ್ತು ಇರುವ ಮ್ಯೂಸಿಯಂ ಅದು. ನಮ್ಮ ಕೈಗೆ ಉಳಿದದ್ದು 60 ಮಸುಕು ಫೋಟೊ.

ಮಾರನೇ ದಿನ ಗುಂಪಿನವರೆಲ್ಲ ಶಾಪಿಂಗ್‌ಗೆ ಹೊರಟರು. ನಾವು ಮೂವರು ಆಟೊ ಹಿಡಿದು ಮತ್ತೆ ಮ್ಯೂಸಿಯಂಗೆ ಹೋದೆವು. ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಾಲ್ಕು ಗಂಟೆಯವರೆಗೆ ಇದ್ದೆವು. ನೋಡಿದ್ದು ಹತ್ತು ವಸ್ತುವನ್ನೂ ದಾಟಲಿಲ್ಲ. ಆದರೆ ಆ ಹತ್ತರ ಬಗ್ಗೆ ನನ್ನ ಮಗಳು ಇವತ್ತಿಗೂ ಮಾತಾಡುತ್ತಾಳೆ, ಅದಕ್ಕೇ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಿಂತದ್ದು ಹರಪ್ಪ ವಿಭಾಗದಲ್ಲಿ, ಆ ಕಂಚಿನ ಹುಡುಗಿಯ ಮುಂದೆ. ನಾವೆಲ್ಲ ಸ್ಕೂಲ್ ಪುಸ್ತಕದಲ್ಲಿ 'ನರ್ತಕಿ' ಅನ್ನುವ ಹೆಸರಿನಲ್ಲಿ ನೋಡಿದವಳು. 1926ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕಿದ್ದು. ಪುಸ್ತಕದಲ್ಲಿ ಅರ್ಧ ಪುಟ ಹಾಕಿರುತ್ತಾರಲ್ಲ, ಹಾಗಾಗಿ ದೊಡ್ಡ ಮೂರ್ತಿ ಅಂದುಕೊಂಡಿದ್ದೆ. ಎತ್ತರ ಹತ್ತೂವರೆ ಸೆಂಟಿಮೀಟರ್ ಅಷ್ಟೇ! ಅಂಗೈ ಮೇಲೆ ನಿಲ್ಲಿಸಬಹುದು. ಹಿಂದಿನ ದಿನ ನಾವು ಅವಳ ಮುಂದೆಯೇ ಓಡಿಹೋಗಿದ್ದೆವು, ಕಣ್ಣಿಗೇ ಬಿದ್ದಿರಲಿಲ್ಲ. ಈಗ ಗಾಜಿಗೆ ಹಣೆ ಹಚ್ಚಿ ನೋಡಿದರೆ ಒಂದೊಂದೇ ಕಾಣಲು ಶುರುವಾಯ್ತು. ಬಲಗೈ ಸೊಂಟದ ಮೇಲೆ. ಕತ್ತು ಸ್ವಲ್ಪ ಹಿಂದಕ್ಕೆ. ಕೂದಲು ದಪ್ಪ ತುರುಬು. ಕೊರಳಲ್ಲಿ ಮೂರು ಪದಕದ ಸರ. ಯಾರಿಗೂ ಹೆದರದ ನಿಲುವು. ಎಡಗೈಗೆ ಭುಜದಿಂದ ಮಣಿಕಟ್ಟಿನವರೆಗೆ ಬಳೆಯೋ ಬಳೆ.

ಅಮ್ಮ ಬಾಗಲಕೋಟೆ ಕಡೆಯವರು. ಸುಮಾರು ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಮೊಮ್ಮಗಳಿಗೆ ಹೇಳಿದರು. "ನೋಡವಾ, ಎಡಗೈ ತುಂಬ ಬಳಿ ಅದಾವ. ಬಲಗೈಗೆ ಬರೀ ನಾಕು. ಬಲಗೈ ಕೆಲಸದ ಕೈ ಅಲ್ಲೇನು? ಕೆಲಸಕ್ಕ ಅಡ್ಡ ಬರ್ತಾವಂತ ಕಮ್ಮಿ ಹಾಕ್ಕೊಂಡಾಳ." ಇದು ಸರಿಯೋ ತಪ್ಪೋ ಪಂಡಿತರು ಹೇಳಬೇಕು. ಆದರೆ ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಒಬ್ಬ ಹುಡುಗಿಯನ್ನು ಅಮ್ಮ ಹೀಗೆ ಪಕ್ಕದ ಮನೆಯವಳ ಥರ ಮಾತಾಡಿಸಿದ್ದು ನನಗೆ ಮರೆಯೋಕೆ ಆಗುತ್ತಿಲ್ಲ. ಕೊನೆಗೆ ಇನ್ನೊಂದು ಕೇಳಿದರು: "ಈಕಿ ಕುಣಿಯಾಕಿ ಅಂತ ಯಾರು ಹೇಳಿದ್ರು?" ಒಳ್ಳೆಯ ಪ್ರಶ್ನೆ ಅಲ್ವಾ? ನರ್ತಕಿ ಅನ್ನುವುದು ಅಗೆದು ತೆಗೆದವರ ಕಾಲದಲ್ಲಿ ಅಂಟಿಕೊಂಡ ಹೆಸರು. ಅವಳು ಕುಣಿಯುತ್ತಿದ್ದಳು ಅನ್ನೋದಕ್ಕೆ ಪುರಾವೆ ಏನೂ ಇಲ್ಲ. ಸುಮ್ನೆ ನಿಂತಿರುವ ಹುಡುಗಿಯೂ ಆಗಿರಬಹುದು.

ಅವಳನ್ನು ಮಾಡಿದ ರೀತಿಯನ್ನು ಮಗಳಿಗೆ ಬಿಡಿಸಿ ಹೇಳಿದೆ. ಮೊದಲು ಮೇಣದಲ್ಲಿ ಗೊಂಬೆ ಮಾಡುತ್ತಾರೆ. ಬಳೆ, ಸರ, ತುರುಬು ಎಲ್ಲ ಮೇಣದಲ್ಲೇ. ಅದರ ಮೇಲೆ ಮಣ್ಣು ಮೆತ್ತಿ ಒಣಗಿಸಿ ಕಾಯಿಸಿದರೆ ಒಳಗಿನ ಮೇಣ ಕರಗಿ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಲೋಹ ಎರೆಯುತ್ತಾರೆ. ಆರಿದ ಮೇಲೆ ಮಣ್ಣಿನ ಅಚ್ಚು ಒಡೆಯಲೇಬೇಕು, ಇಲ್ಲದಿದ್ದರೆ ಗೊಂಬೆ ಆಚೆ ಬರೋದಿಲ್ಲ. ಹಾಗಾಗಿ ಒಂದು ಅಚ್ಚಿಗೆ ಒಂದೇ ಗೊಂಬೆ. "ಅಂದ್ರೆ ಇವಳ ಥರ ಇನ್ನೊಬ್ಬಳು ಇಲ್ವೇ ಇಲ್ವಾ?" ಅಂದಳು ಮಗಳು. ಅದೇ ಮ್ಯೂಸಿಯಂನಲ್ಲಿ ಚೋಳರ ಕಾಲದ ನಟರಾಜ ಇದ್ದಾನೆ. ಅವನನ್ನು ಮಾಡಿದ್ದೂ ಮೇಣ ಕರಗಿಸುವ ಎರಕದಿಂದಲೇ. ತಮಿಳುನಾಡಿನ ಸ್ವಾಮಿಮಲೈಯಲ್ಲಿ ಇವತ್ತಿಗೂ ಇದೇ ಕೆಲಸ ಮಾಡುತ್ತಾರೆ. ಕಂಚಿನ ಹುಡುಗಿಗೂ ನಟರಾಜನಿಗೂ ನಡುವೆ ಮೂರು ಸಾವಿರ ವರ್ಷಕ್ಕೂ ಹೆಚ್ಚು ಅಂತರ. ಎರಡನ್ನೂ ಒಂದೇ ದಿನ ನೋಡಿದ್ದಕ್ಕೆ ಈ ನಂಟು ಹೊಳೆಯಿತು. ಓಡುತ್ತಾ ಹೋಗಿದ್ದರೆ ಹೊಳೆಯುತ್ತಿರಲಿಲ್ಲ.

ಮುದ್ರೆಗಳ ಮುಂದೆಯೂ ಹೀಗೇ ಆಯ್ತು. ಪಶುಪತಿ ಮುದ್ರೆ ಅಂತ ಕೇಳಿರುತ್ತೀರಿ. ಕೊಂಬಿನ ಕಿರೀಟ ಹಾಕಿ ಕಾಲು ಮಡಿಸಿ ಕೂತ ಒಬ್ಬ ವ್ಯಕ್ತಿ, ಸುತ್ತ ಆನೆ, ಹುಲಿ, ಘೇಂಡಾಮೃಗ, ಎಮ್ಮೆ. ಇಷ್ಟೆಲ್ಲ ಇರುವುದು ಸುಮಾರು ಮೂರೂವರೆ ಸೆಂಟಿಮೀಟರ್ ಚೌಕದಲ್ಲಿ. ನಮ್ಮ ಕೇರಂ ಕಾಯಿಗಿಂತ ಅಷ್ಟೇನೂ ದೊಡ್ಡದಲ್ಲ. ಕಲ್ಲು ಯಾವುದು ಗೊತ್ತಾ? ಬಳಪದ ಕಲ್ಲಿನ ಜಾತಿ. ಬೇಲೂರು, ಹಳೇಬೀಡಿಗೆ ಹೋದಾಗ ಗೈಡ್‌ಗಳು ಹೇಳುವ ಅದೇ ಹೆಸರು. ಮೆತ್ತಗಿರುತ್ತೆ, ಸಣ್ಣ ಗೆರೆಯನ್ನೂ ಕೆತ್ತಬಹುದು. ಸಿಂಧೂ ಕಣಿವೆಯವರು ಕೆತ್ತಿದ ಮೇಲೆ ಅದನ್ನು ಸುಟ್ಟು ಗಟ್ಟಿ ಮಾಡುತ್ತಿದ್ದರು. ಮೇಲ್ಗಡೆ ಇರುವ ಅಕ್ಷರಗಳನ್ನು ಇವತ್ತಿನವರೆಗೂ ಎಲ್ಲರೂ ಒಪ್ಪುವಂತೆ ಓದಿದವರಿಲ್ಲ. ಮಗಳಿಗೆ ಇದು ನಂಬೋಕೇ ಆಗಲಿಲ್ಲ. ಎಲ್ಲಾ ಪ್ರಶ್ನೆಗೂ ಯಾರೋ ದೊಡ್ಡವರ ಹತ್ತಿರ ಉತ್ತರ ಇರುತ್ತೆ ಅಂದುಕೊಂಡಿರುವ ವಯಸ್ಸು. ಅರ್ಧ ಗಂಟೆ ಕೂತು ನಾಲ್ಕೈದು ಚಿಹ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಒಂದು ಮೀನಿನ ಥರ, ಒಂದು ಮಡಕೆಯ ಥರ.

ಅಲ್ಲೇ ಹರಪ್ಪದ ತೂಕದ ಕಲ್ಲುಗಳು. ನುಣುಪಾದ ಪುಟ್ಟ ಚೌಕ ಕಲ್ಲುಗಳು, ಯಾರೂ ಅವುಗಳ ಮುಂದೆ ನಿಲ್ಲೋದಿಲ್ಲ. ನಾವು ನಿಂತೆವು. 1, 2, 4, 8, 16, 32, 64, ಹೀಗೆ ಎರಡೆರಡು ಪಟ್ಟು ಏರುವ ತೂಕಗಳು. ಅತಿ ಚಿಕ್ಕದು ಒಂದು ಗ್ರಾಮಿಗೂ ಕಡಿಮೆ, ಅದರ 16 ಪಟ್ಟಿನದು ಸುಮಾರು 13.7 ಗ್ರಾಂ. ಸಿಂಧ್‌ನಲ್ಲೂ ಪಂಜಾಬಿನಲ್ಲೂ ಗುಜರಾತಿನಲ್ಲೂ ಒಂದೇ ಅಳತೆ. ಅಷ್ಟು ದೂರದ ಊರುಗಳು ಒಂದೇ ತೂಕ ಒಪ್ಪಿಕೊಂಡಿದ್ದವು ಅಂದರೆ ಅವುಗಳ ನಡುವೆ ಎಂಥ ವ್ಯಾಪಾರ, ಎಂಥ ನಂಬಿಕೆ ಇದ್ದಿರಬೇಕು ಯೋಚಿಸಿ. ಗಣಿತ ಅಂದರೆ ಮುಖ ತಿರುಗಿಸುವ ನನ್ನ ಮಗಳು ಅಲ್ಲಿ ಬೆರಳು ಮಡಿಸಿ ಲೆಕ್ಕ ಹಾಕುತ್ತಾ ನಿಂತಿದ್ದಳು.

ಇನ್ನೊಂದು ವಸ್ತು ಬಗ್ಗೆ ಹೇಳಲೇಬೇಕು. ಮೊಹೆಂಜೊದಾರೊದ ಒಂದು ಸರ. ಹಸಿರು ಕಲ್ಲಿನ ಉದ್ದನೆಯ ಮಣಿಗಳು, ನಡುನಡುವೆ ಚಿನ್ನದ ಚಿಕ್ಕ ಬಿಲ್ಲೆಗಳು. ನೋಡೋಕೆ ಚೆಂದ. ಆದರೆ ಅದು ಅರ್ಧ ಸರ. ದೇಶ ಇಬ್ಭಾಗವಾದಾಗ ಮ್ಯೂಸಿಯಂ ವಸ್ತುಗಳನ್ನೂ ಪಾಲು ಮಾಡಬೇಕಾಯ್ತು. ಮೊಹೆಂಜೊದಾರೊ ಪಾಕಿಸ್ತಾನಕ್ಕೆ ಸೇರಿತು, ಸಿಕ್ಕ ವಸ್ತುಗಳಲ್ಲಿ ತುಂಬಾ ದೆಹಲಿಯಲ್ಲಿದ್ದವು. ಮಾತುಕತೆ ನಡೆದು ಹಂಚಿಕೊಂಡರು. ಈ ಸರದ ದಾರ ಬಿಚ್ಚಿ ಮಣಿಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲು ಇಲ್ಲಿ, ಇನ್ನೊಂದು ಪಾಲು ಅಲ್ಲಿ. ಕಂಚಿನ ಹುಡುಗಿ ದೆಹಲಿಯಲ್ಲಿ ಉಳಿದಳು. ಅದೇ ಊರಿನಲ್ಲಿ ಸಿಕ್ಕ, ಪುರೋಹಿತ ರಾಜ ಅಂತ ಕರೆಯುವ ಗಡ್ಡದ ಮೂರ್ತಿ ಈಗ ಕರಾಚಿಯ ಮ್ಯೂಸಿಯಂನಲ್ಲಿದೆ. ವಿಭಜನೆ ಬಗ್ಗೆ ಎಷ್ಟೋ ಓದಿದ್ದೇನೆ, ಸಿನಿಮಾ ನೋಡಿದ್ದೇನೆ. ಆ ಅರ್ಧ ಸರದ ಮುಂದೆ ನಿಂತಾಗ ಆದ ಸಂಕಟ ಬೇರೆಯೇ. ಮಣಿ ಎಣಿಸಿ ಪಾಲು ಮಾಡಿದವರ ಕೈ ನಡುಗಿರಬೇಕು ಅನ್ನಿಸಿತು. ಅಮ್ಮ ಮಾತ್ರ ಮೆಲ್ಲಗೆ ಅಂದರು, "ಅಣ್ಣತಮ್ಮರು ಮನಿ ಪಾಲು ಮಾಡ್ಕೊಂಡಂಗ."

ಹರಿಯಾಣದ ರಾಖಿಗಢಿಯಿಂದ ತಂದ ಒಬ್ಬ ಹೆಂಗಸಿನ ಅಸ್ಥಿಪಂಜರವೂ ಅಲ್ಲಿದೆ. ಪಕ್ಕದಲ್ಲಿ ಹೂತಿಟ್ಟ ಮಡಕೆಗಳು, ಕೈಯಲ್ಲಿ ಶಂಖದ ಬಳೆ. ಮಗಳು ಹೆದರುತ್ತಾಳೇನೋ ಅಂದುಕೊಂಡೆ. ಹೆದರಲಿಲ್ಲ. "ಇವರಿಗೆ ಊಟ ಇಟ್ಟು ಕಳ್ಸಿದ್ದಾರೆ" ಅಂದಳು ಅಷ್ಟೇ.

ಮಧ್ಯಾಹ್ನ ಶಿಲ್ಪಗಳ ಕಡೆ ಹೋದೆವು. ಅಲ್ಲಿ ಅಮ್ಮ ಒಂದು ಕಲ್ಲಿನ ಮುಂದೆ ನಿಂತವರು ಕದಲಲೇ ಇಲ್ಲ. ಆಕಾಶದಲ್ಲಿ ಹಾರುತ್ತಿರುವ ಒಂದು ಗಂಧರ್ವ ಜೋಡಿ. ಕಾಲು ಹಿಂದಕ್ಕೆ ಮಡಚಿದೆ, ಬಟ್ಟೆ ಗಾಳಿಗೆ ತೇಲುತ್ತಿದೆ. ಕಲ್ಲು ಅನ್ನೋದೇ ಮರೆತುಹೋಗುತ್ತೆ. ಫಲಕ ಓದಿ ಹೇಳಿದೆ, ಅಮ್ಮ, ಇದು ಚಾಲುಕ್ಯರದ್ದು, ಐಹೊಳೆಯಿಂದ ಬಂದದ್ದು. "ನಮ್ಮ ಐಹೊಳಿದಾ?" ಅಂತ ಎರಡು ಸಲ ಕೇಳಿದರು. ಅಮ್ಮನ ತವರಿನಿಂದ ಐಹೊಳೆ ಹತ್ತಿರ. ಚಿಕ್ಕವರಿದ್ದಾಗ ಅಲ್ಲಿನ ಗುಡಿಗಳ ಒಳಗೆ ಮುಟ್ಟಾಟ ಆಡಿದ್ದೆವು, ಆಗ ಗುಡಿಯ ಒಳಗೇ ಜನ ಸಂಸಾರ ಮಾಡಿಕೊಂಡಿದ್ದರು ಅಂತ ಹೇಳುತ್ತಿರುತ್ತಾರೆ. ಅಷ್ಟು ದೂರ ದೆಹಲಿಗೆ ಬಂದು, ಪ್ರಪಂಚದ ಜನ ಬಂದು ನೋಡುವ ಜಾಗದಲ್ಲಿ, ತನ್ನ ಬಾಲ್ಯದ ಊರಿನ ಕಲ್ಲು ನಿಂತಿದೆ. ಅಮ್ಮನ ಕಣ್ಣು ತುಂಬಿಬಂತು. ಹಿಂದಿನ ದಿನ ಈ ಕಲ್ಲಿನ ಮುಂದೆಯೂ ನಾವು ಓಡಿದ್ದೆವು ಅನ್ನೋದು ನೆನಪಾಗಿ ನನಗೆ ತಡೆಯಲಾರದಷ್ಟು ಬೇಜಾರಾಯ್ತು. ಹಿಂದಿನ ದಿನ ನಮ್ಮ ಜೊತೆ ಬಂದ 40 ಜನರಲ್ಲಿ ಬಾದಾಮಿಯವರೂ ಇದ್ದರು. ಅವರಿಗೆ ಇದು ಗೊತ್ತೇ ಆಗಲಿಲ್ಲ.

ಈ ಮ್ಯೂಸಿಯಂ ಹುಟ್ಟಿದ ಕಥೆಯೂ ಚೆನ್ನಾಗಿದೆ. 1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ದೇಶದ ಬೇರೆಬೇರೆ ಮ್ಯೂಸಿಯಂಗಳಿಂದ ಒಳ್ಳೊಳ್ಳೆಯ ವಸ್ತುಗಳು ಹಡಗು ಹತ್ತಿ ಹೋಗಿದ್ದವು. ವಾಪಸ್ ಬಂದ ಮೇಲೆ ಅವುಗಳನ್ನು ಈಗಿನ ರಾಷ್ಟ್ರಪತಿ ಭವನದಲ್ಲಿ ಜನರಿಗೆ ತೋರಿಸಿದರು. ಇವನ್ನೆಲ್ಲ ಮತ್ತೆ ಚದುರಿಸುವುದು ಬೇಡ, ದೇಶಕ್ಕೊಂದು ಮ್ಯೂಸಿಯಂ ಮಾಡೋಣ ಅಂತ ಯೋಚನೆ ಬಲವಾಯಿತು. 1949ರ ಆಗಸ್ಟ್ 15ರಂದು ರಾಜಾಜಿಯವರು ಅಲ್ಲೇ ಉದ್ಘಾಟಿಸಿದರು. ಜನಪಥದ ಈಗಿನ ಕಟ್ಟಡಕ್ಕೆ 1955ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1960ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಅಂದರೆ 1949ರಲ್ಲೇ, ದೇಶಕ್ಕೆ ಸಂವಿಧಾನ ಬರುವುದಕ್ಕೂ ಮೊದಲು ಮ್ಯೂಸಿಯಂ ಬಂತು! ಊಟಕ್ಕೂ ಕಷ್ಟ ಇದ್ದ ಕಾಲ ಅದು. ಆಗಲೂ ಹಿರಿಯರಿಗೆ ಇದು ಬೇಕು ಅನ್ನಿಸಿತ್ತು.

ಬುದ್ಧನ ಅವಶೇಷಗಳನ್ನು ಇಟ್ಟ ಜಾಗಕ್ಕೆ ಹೋದಾಗ ಅಲ್ಲಿ ಬೇರೆ ದೇಶದ ಒಂದು ಕುಟುಂಬ ನೆಲದ ಮೇಲೆ ಕೂತಿತ್ತು. ಉತ್ತರ ಪ್ರದೇಶದ ಪಿಪ್ರಹ್ವಾದಲ್ಲಿ ಸಿಕ್ಕ ಅವಶೇಷಗಳು ಅವು. ಅವನ್ನು ಇಟ್ಟಿರುವ ಚಿನ್ನದ ಲೇಪದ ತೇಗದ ಮಂಟಪ ಕೊಟ್ಟಿದ್ದು ಥಾಯ್ಲೆಂಡ್. ಆ ಕುಟುಂಬದವರು ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದರು. ನಾವು ನಮ್ಮದನ್ನೆಲ್ಲ ನೋಡಿಕೊಂಡು ಬರುವಷ್ಟು ಹೊತ್ತೂ ಅವರು ಏಳಲಿಲ್ಲ. ಅವರು ಸಮುದ್ರ ದಾಟಿ ಬಂದು ಒಂದೇ ಒಂದು ವಸ್ತುವಿಗೆ ಅಷ್ಟು ಸಮಯ ಕೊಟ್ಟಿದ್ದರು.

ಈಗ ನನ್ನ ಮನವಿಗೆ ಬರುತ್ತೇನೆ. ಪ್ರವಾಸ ಏರ್ಪಡಿಸುವವರು ಈ ಪತ್ರಿಕೆ ಓದುತ್ತಾರೆ ಅಂತ ಗೊತ್ತು, ಜಾಹೀರಾತು ಕೊಡೋದೇ ಇಲ್ಲಿ. ದಯವಿಟ್ಟು ಮ್ಯೂಸಿಯಂಗೆ ಅರ್ಧ ದಿನ ಇಡಿ. ಅಷ್ಟು ಆಗದಿದ್ದರೆ ಪಟ್ಟಿಯಿಂದ ತೆಗೆದುಬಿಡಿ, ಆಸೆ ಇರುವವರು ತಾವೇ ಹೋಗಿ ನೋಡುತ್ತಾರೆ. ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿಸುವ ಅರ್ಧ ಗಂಟೆಯಲ್ಲಿ ನಾಳೆ ನೋಡುವ ನಾಲ್ಕು ವಸ್ತುಗಳ ಬಗ್ಗೆ ಯಾರಾದರೂ ಕನ್ನಡದಲ್ಲಿ ಹೇಳಿದರೆ ಎಷ್ಟು ಚೆಂದ. ಗುಂಪಿನಲ್ಲಿ ಒಬ್ಬರಾದರೂ ಮೇಷ್ಟ್ರು ಇದ್ದೇ ಇರುತ್ತಾರೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಮತ್ತೆ, ನ್ಯಾಷನಲ್ ಮ್ಯೂಸಿಯಂಗೆ ಸೋಮವಾರ ರಜೆ. ದೆಹಲಿಯ ದಿನ ಹಾಕುವಾಗ ಇದನ್ನು ನೋಡಿಕೊಳ್ಳಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಎಲ್ಲಾ ನೋಡಿಬಿಡಬೇಕು ಅನ್ನುವ ಹಟ ಬೇಡ. ಎಂಥವರಿಗೂ ಒಂದೂವರೆ ಗಂಟೆ ಆದಮೇಲೆ ಕಾಲು ಸೋಲುತ್ತೆ, ಕಣ್ಣಿಗೆ ಎಲ್ಲಾ ಒಂದೇ ಥರ ಕಾಣೋಕೆ ಶುರುವಾಗುತ್ತೆ. ಮಧ್ಯೆ ಹೊರಗೆ ಬಂದು ಕೂತು, ಏನಾದರೂ ತಿಂದು, ಮತ್ತೆ ಹೋಗಿ. ಮಕ್ಕಳ ಕೈಗೆ ಫೋನ್ ಬದಲು ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಚಿತ್ರ ಬರೆಯಬೇಕು ಅಂದರೆ ನೋಡಲೇಬೇಕಾಗುತ್ತೆ. ನನ್ನ ಮಗಳು ಬರೆದ ಕಂಚಿನ ಹುಡುಗಿಯ ಚಿತ್ರದಲ್ಲಿ ಬಲಗೈಗೆ ನಾಲ್ಕೇ ಬಳೆ ಇವೆ, ಎಣಿಸಿ ಬರೆದಿದ್ದಾಳೆ. ವಯಸ್ಸಾದವರನ್ನು ಬಿಟ್ಟು ಹೋಗಬೇಡಿ. ಅವರಿಗೆ ಏನು ತಿಳಿಯುತ್ತೆ ಅಂತ ನಾನೂ ಒಂದು ಕ್ಷಣ ಅಂದುಕೊಂಡಿದ್ದೆ. ಬಳೆ, ಮಡಕೆ, ಒನಕೆ, ತಕ್ಕಡಿ, ಇವೆಲ್ಲದರ ಜೊತೆ ಬದುಕಿದವರು ಅವರು. ನಮಗಿಂತ ಜಾಸ್ತಿ ಕಾಣುತ್ತೆ ಅವರಿಗೆ.

ಕೊನೆಗೆ ದೆಹಲಿಯವರಿಗೆ ಮುಟ್ಟಲಿ ಅಂತ ಒಂದು ಆಸೆ. ರಾಷ್ಟ್ರಪತಿ ಭವನದ ಮುಂದಿನ ನಾರ್ತ್ ಬ್ಲಾಕ್ ಮತ್ತು ಸೌತ್ ಬ್ಲಾಕ್‌ನಲ್ಲಿ 'ಯುಗೇ ಯುಗೀನ್ ಭಾರತ್' ಅನ್ನುವ ಹೊಸ ರಾಷ್ಟ್ರೀಯ ಮ್ಯೂಸಿಯಂ ಮಾಡುವ ಯೋಜನೆ ಇದೆ. ಈಗಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಂತೆ. ತುಂಬಾ ಸಂತೋಷ. ಅಲ್ಲಿ ಆ ಐಹೊಳೆಯ ಜೋಡಿಯ ಮುಂದೆ ನಿಂತಾಗ ಕನ್ನಡದಲ್ಲಿ ನಾಲ್ಕು ಸಾಲು ಓದಲೋ ಕೇಳಲೋ ಸಿಗುವ ಹಾಗಾಗಲಿ. ಚೋಳರ ನಟರಾಜನ ಮುಂದೆ ತಮಿಳಿನವರಿಗೂ ಹಾಗೆಯೇ. ಈಗಂತೂ ಫೋನಿನಲ್ಲೇ ಎಲ್ಲಾ ಭಾಷೆ ಕೇಳಿಸಬಹುದು, ಕಷ್ಟದ ಕೆಲಸವೇನಲ್ಲ. ನಾನು ಪಕ್ಕದಲ್ಲಿ ಇಲ್ಲದಿದ್ದರೂ ಅಮ್ಮನಂಥವರಿಗೆ ಆ ಕಲ್ಲು ತನ್ನ ಊರು ಯಾವುದು ಅಂತ ತಾನೇ ಹೇಳಬೇಕು. ಜೊತೆಗೆ ಕೂರೋಕೆ ಬೆಂಚು ಜಾಸ್ತಿ ಇರಲಿ.

ನಾವು ಈ ಬೇಸಿಗೆಗೆ ಎಲ್ಲೂ ದೂರ ಹೋಗುತ್ತಿಲ್ಲ. ಐಹೊಳೆಗೆ ಹೋಗುತ್ತೇವೆ. ಅಂಥ ಜೋಡಿಗಳು ಇನ್ನೂ ಅಲ್ಲಿನ ಗುಡಿಗಳ ಕಲ್ಲಿನಲ್ಲಿ ಇವೆಯಂತೆ, ಹುಡುಕಿ ಕೊಡುತ್ತೇನೆ ಅಂತ ಅಮ್ಮ ಮೊಮ್ಮಗಳಿಗೆ ಮಾತು ಕೊಟ್ಟಿದ್ದಾರೆ. ದುರ್ಗದ ಗುಡಿ ಪಕ್ಕದ ಮ್ಯೂಸಿಯಂಗೆ ಶುಕ್ರವಾರ ರಜೆ, ಹಾಗಾಗಿ ಶನಿವಾರ ಬೆಳಿಗ್ಗೆ ಹೊರಡುತ್ತೇವೆ. ಇಡೀ ದಿನ ಅದಕ್ಕೇ ಇಟ್ಟುಕೊಂಡಿದ್ದೇವೆ.

ಇಂತಿ,
ನಿಮ್ಮ ಓದುಗಳು